ಕೊನೆಯ ಗೇಣು ಬಂಡೆ

ಹೂಲಿಯ ಸೋಮಪ್ಪ ಹರೆಯದಲ್ಲಿ ತೋಡಿದ ಬಾವಿ ಇಂದಿಗೂ ಬತ್ತಿಲ್ಲ. ಆದರೆ ಅವನ ನಿಜವಾದ ಹೆಮ್ಮೆ ಬೇರೆ: ಪಕ್ಕದ ಹೊಲದ ಖಾಸಿಮಸಾಬನ ಬಾವಿಗೆ ತನ್ನಿಂದ ಒಂದು ಬಿರುಕೂ ಬೀಳಲಿಲ್ಲವೆಂಬುದು. ಎರಡರ ನಡುವೆ ಗೇಣು ಬಂಡೆಯಷ್ಟೇ ಉಳಿದಾಗ ಅವನು ಸಿಡಿಮದ್ದನ್ನು ಮೇಲಕ್ಕೆ ಕಳಿಸಿ, ಬೇಸಿಗೆಯುದ್ದಕ್ಕೂ ಚಾಣ ಸುತ್ತಿಗೆಗಳಿಂದಲೇ ಕಲ್ಲು ಕಡಿದಿದ್ದ. ಅಂಜುಬುರುಕನೆಂದು ಊರು ನಕ್ಕಿತ್ತು.

ಈಗ ನಗುವ ಹೊತ್ತಾಗಿರಲಿಲ್ಲ. ಮೊಮ್ಮಗಳು ಪೂನಮ್‌ಳ ಎದೆ ಆಗಾಗ ಹುಚ್ಚೆದ್ದು ಬಡಿಯುತ್ತಿತ್ತು. ಬೈಲಹೊಂಗಲದ ಕಾಲೇಜಿನಲ್ಲಿ ಒಮ್ಮೆ ಎಚ್ಚರ ತಪ್ಪಿ ಬಿದ್ದಿದ್ದಳು. ಬೆಳಗಾವಿಯ ಡಾಕ್ಟರ್ ಅನ್ನಪೂರ್ಣಾ ತೊಡೆಯ ರಕ್ತನಾಳದಿಂದ ತೆಳುವಾದ ನಳಿಕೆಯನ್ನು ಹೃದಯಕ್ಕೇರಿಸಿ, ಮಿಡಿತ ಕೆಡಿಸುತ್ತಿದ್ದ ಎಳೆಯನ್ನು ಸುಡಬೇಕಿತ್ತು. ಆದರೆ ಅರ್ಧಕ್ಕೇ ನಿಲ್ಲಿಸಿ, ಸುಡದೆಯೇ ನಳಿಕೆಯನ್ನು ಹೊರತೆಗೆದಿದ್ದರು.

ಸೊಸೆ ದೇವಕ್ಕ ಸಿಡುಕಿದಳು: "ಬಾವಿ ಅರ್ಧಕ್ಕ ಬಿಟ್ಟ ಹೋದವರನ್ನ ನಮ್ಮೂರಾಗ ಯಾರರ ಮತ್ತ ಕರೀತಾರೇನ್ರಿ, ಮಾವಾರ? ಇನ್ನೊಮ್ಮೆ ನನ್ನ ಮಗಳನ್ನ ಒಳಗ ಕಳಸಂಗಿಲ್ಲ."

ಎದುರಿಗೇ ಕುಳಿತಿದ್ದ ಡಾಕ್ಟರ್ ಹಾಳೆಯ ಮೇಲೆ ಹೃದಯದ ಚಿತ್ರ ಬರೆದರು. "ಅಜ್ಜಾರ, ಮೈಗೆಲ್ಲಾ ರಕ್ತ ಕೊಡೂ ಹೃದಯಕ್ಕೂ ರಕ್ತ ಬೇಕಲ್ರಿ? ಅದನ್ನ ಕೊಡೂ ನಾಳ ಇವು, ಅದರ ಮೈಮ್ಯಾಲೆ ಬಳ್ಳಿಯಂಗ ಹಬ್ಬ್ಯಾವ. ಬಣ್ಣದ ಔಷಧ ಬಿಟ್ಟು ನೋಡಿದ್ವಿ. ಸುಡೂ ಜಾಗಾಕ್ಕ ಹತ್ತಿಕೊಂಡ ಇದೊಂದು ಟೊಂಗಿ ಐತಿ. ಬಿಸಿ ತಾಗಿದ್ರ ನಾಳ ಮುಚ್ಚಿ, ಹೃದಯಾಘಾತ ಆಗಬಹುದಿತ್ತು."

"ಅದಕ್ಕ ನಿಂತ್ರಿ?" ಸೋಮಪ್ಪ ಕೇಳಿದ.

"ನಿಂತ್ವಿರಿ."

"ಈಗ?"

"ಸುಡೂದ ಬಿಟ್ಟು, ಆ ಎಳಿಗೆ ಬರ್ಫದಂಥ ಥಂಡಿ ಕೊಡತೇವಿ. ನಾಳಕ್ಕ ಅಪಾಯ ಕಡಿಮಿ. ಇಲ್ಲೇ ಇಲ್ಲ ಅನ್ನಂಗಿಲ್ಲ. ಬ್ಯಾನಿ ತಿರುಗಿ ಬಂದರೂ ಬರಬಹುದು."

ಸೋಮಪ್ಪನ ಮುಖ ಅರಳಿತು. "ಕೇಳಿದೇನವಾ ದೇವಕ್ಕಾ? ಬಂಡೆಗಲ್ಲಿನ ಆಚಿ ಮಗ್ಗಲ ನೀರು ಕಂಡು ನಿಂತ ಕೈ ಇದು. ಕೂಸನ್ನ ಇಂಥಾ ಕೈಯಾಗ ಕೊಡಬೇಕು."

"ಮತ್ತ ನಿಂತ್ರ?"

"ಮತ್ತ ಕರಕೊಂಡ ಮನಿಗೆ ಹೋಗೂಣು. ಜೀವಂತ."

ದೇವಕ್ಕ ಬಹಳ ಹೊತ್ತು ಆ ಚಿತ್ರವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡು ಒಪ್ಪಿಗೆಯಿಂದ ತಲೆಯಾಡಿಸಿದಳು.

ಎರಡನೆಯ ಸಲ ಕೆಲಸ ಪೂರ್ತಿಯಾಯಿತು. ಊರಿಗೆ ಮರಳುವಾಗ ಕಾರು ನಡೆಸುತ್ತಿದ್ದವನು ಖಾಸಿಮಸಾಬನ ಮೊಮ್ಮಗ ಸಾಜಿದ್. ಸವದತ್ತಿ ದಾಟುತ್ತಲೇ ಕೆಣಕಿದ: "ಅಜ್ಜಾ, ನಿಮಗ ಮದ್ದು ಹಚ್ಚಾಕ ಅಂಜಿಕಿ ಬಂದಿತ್ತು ಅಂತಿದ್ದ ನಮ್ಮ ಖಾಸಿಮ ದಾದಾ!"

"ಅಂಜಿದ್ದೆ ಅಂತನ ಅಂವ ಸಾಯೂತನ ತನ್ನ ಬಾವಿ ನೀರ ಕುಡದಾನಲೇ!"

ಎಲ್ಲರೂ ನಕ್ಕರು. ಪೂನಮ್ ತನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಮಿಡಿತವನ್ನು ಆಲಿಸುತ್ತಿದ್ದಳು. ಅದು ಸಮನಾಗಿ, ಸಾವಕಾಶವಾಗಿ ನಡೆದಿತ್ತು. ಅಜ್ಜನ ಭುಜಕ್ಕೆ ತಲೆಯಾನಿಸಿ ಕೇಳಿದಳು:

"ಅಜ್ಜಾ, ಆ ಬಾವಿ ಕಥಿ ಮತ್ತೊಮ್ಮೆ ಹೇಳು. ಮದ್ದು ಮ್ಯಾಲ ಕಳಿಸಿದ್ಯಲ್ಲಾ, ಅಲ್ಲಿಂದ."