ಕಲ್ಲಿನೊಳಗಿನ ವಯಸ್ಸು

ಕ್ಲಾದೊವೊ ಊರಿನ ಸ್ಮಶಾನದಲ್ಲಿ ತಿಹೊಮಿರನಿಗೆ ಇನ್ನೂ ಮೂವತ್ತೊಂಬತ್ತೇ ವರ್ಷ. ಡ್ಯಾನ್ಯೂಬ್ ಹೊಳೆ ಅವನನ್ನು ನುಂಗಿದ ವರ್ಷ ಕಪ್ಪು ಕಲ್ಲಿನಲ್ಲಿ ಅವನ ಮುಖ ಕೊರೆಸಿದ್ದರು. ಹಣೆಯ ಮೇಲೆ ಬಿದ್ದ ಕೂದಲು, ತುಟಿಯಂಚಿನ ತುಂಟನಗೆ ಹಾಗೆಯೇ ಇದ್ದವು. ಅವನ ಹೆಂಡತಿ ವಿದೊಸಾವಾಗೆ ಮಾತ್ರ ಅರವತ್ತೊಂದಾಗಿತ್ತು.

ವರ್ಷಕ್ಕೆ ಕೆಲವು ಸಲ ಬರುವ ಸತ್ತವರ ಶನಿವಾರದ ದಿನ ಅವಳು ಸಮಾಧಿಗೆ ಮೇಣದಬತ್ತಿ ಹಚ್ಚಿ, ಸಕ್ಕರೆ ಬೆರೆಸಿದ ಬೆಂದ ಗೋಧಿಯನ್ನು ಬಂದವರಿಗೆಲ್ಲ ಹಂಚುತ್ತಿದ್ದಳು. ಊರಿಗೆ ಹೊಸಬಳಾದ ಹೆಂಗಸೊಬ್ಬಳು ಒಂದು ಚಮಚ ಬಾಯಿಗಿಟ್ಟು, ಕಲ್ಲನ್ನೂ ಇವಳನ್ನೂ ನೋಡಿ ಕಣ್ಣೊರೆಸಿಕೊಂಡಳು.

"ದೇವ್ರು ಅವನನ್ನ ಕ್ಷಮಿಸ್ಲಿ. ಹೆತ್ತ ಮಗನ್ನ ಮಣ್ಣಿಗೆ ಕೊಡೋ ಸಂಕಟ ಯಾವ ತಾಯಿಗೂ ಬೇಡಮ್ಮ."

ವಿದೊಸಾವಾ ಗೋಧಿಯ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು. ಪಕ್ಕದಲ್ಲಿದ್ದ ನಾದಿನಿ ಲ್ಯುಬಿಂಕಾ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

"ಅತ್ತಿಗೇ, ಇನ್ಮೇಲೆ ನಿನ್ನ ಅಮ್ಮಾ ಅಂತ್ಲೇ ಕೂಗ್ಲಾ?"

"ಕೂಗೇ, ನಿನ್ನ ನಾಲಿಗೆಗೆ ಹುಳ ಬೀಳ!"

ವಿದೊಸಾವಾ ಹದಿನೇಳು ವರ್ಷ ಅವನ ಪಕ್ಕದಲ್ಲಿ ಮಲಗಿದ್ದವಳು, ಇನ್ನೊಂದು ಮದುವೆಯ ಮಾತೆತ್ತಿದವರನ್ನು ಹೊಸಿಲಾಚೆ ಅಟ್ಟಿದವಳು. ಅಷ್ಟೆಲ್ಲ ಆಗಿ ಅವನ ಸಮಾಧಿಯ ಮುಂದೆಯೇ ಅವನ ಹೆಂಡತಿಯೆಂಬ ಹೆಸರು ಹೋಗುವುದೆಂದರೇನು?

ಅವಳು ಬೆಲ್‌ಗ್ರೇಡಿಗೆ ಹೋದಳು. ಸುಕ್ಕು ತೆಗೆಯುವ ಮುಖದ ಡಾಕ್ಟರು ಅವಳಿಗಿಂತ ಎಷ್ಟೋ ಚಿಕ್ಕವಳು, ನಗುಮುಖದವಳು.

"ಯಾರಿಗೋಸ್ಕರ ಅಮ್ಮಾ ಇದೆಲ್ಲ? ಹೊಸ ಸ್ನೇಹಿತ ಸಿಕ್ಕಿದಾನಾ?"

"ಹಳಬನೇ. ಗಂಡ."

"ಅವರು ಏನಂತಾರೆ?"

"ಏನೂ ಅನ್ನಲ್ಲ. ಸತ್ತಿದಾನೆ."

ಡಾಕ್ಟರ ನಗು ಇಳಿಯಿತು. ವಿದೊಸಾವಾ ಕಲ್ಲಿನ ಸಂಗತಿ ಹೇಳಿದಳು. "ಕೆಲಸ ಉಳಿಸ್ಕೊಳ್ಳೋಕೆ ಬರ್ತಾರೆ, ಗಂಡನ್ನ ಉಳಿಸ್ಕೊಳ್ಳೋಕೆ ಬರ್ತಾರೆ. ಇಂಥದ್ದು ನಾನು ಕೇಳಿರ್ಲಿಲ್ಲ," ಎಂದಳು ಡಾಕ್ಟರು. "ಒಂದು ಹತ್ತು ವರ್ಷ ತೆಗೀಬಲ್ಲೆ. ಅವರ ವಯಸ್ಸಿಗೆ ತಂದು ನಿಲ್ಸೋಕೆ ನನ್ನ ಕೈಲಾಗಲ್ಲ."

"ಆದಷ್ಟು ತೆಗಿ ಮಗಳೇ."

ಕಿವಿಯ ಹಿಂದಿನ ಹೊಲಿಗೆ ಮಾಯುವ ತನಕ ಅವಳು ಇಗರ್ಜಿಗೆ ಹೋಗಲಿಲ್ಲ. ಮನೆಯಲ್ಲೇ ದೇವರ ಚಿತ್ರದ ಮುಂದೆ ದೀಪ ಹಚ್ಚಿ ನಿಲ್ಲುತ್ತಿದ್ದಳು. ಮೊದಲು ನಾಚಿಕೆ ಬರುತ್ತಿತ್ತು, ಆಮೇಲೆ ಸಿಟ್ಟು. "ನೀನು ಕೊಟ್ಟ ಮುಖವನ್ನ ಕೊಯ್ಸಿದ್ದು ತಪ್ಪೇ, ಕ್ಷಮಿಸು. ಆದ್ರೆ ಅವನ ವಯಸ್ಸು ನಿಲ್ಸಿದೋನು ನನ್ನದ್ಯಾಕೆ ಓಡಿಸ್ದೆ? ಇಬ್ಬರದ್ದೂ ನಿಲ್ಸೋಕೆ ಆಗ್ತಿರ್ಲಿಲ್ವಾ?" ದೀಪ ಉರಿಯುತ್ತಲೇ ಇತ್ತು.

ಎಲೆ ಉದುರುವ ಕಾಲದ ಸತ್ತವರ ಶನಿವಾರ ಬಂತು. ಅತ್ತಿಗೆ ನಾದಿನಿ ಇಬ್ಬರೂ ಸಮಾಧಿಯ ಹತ್ತಿರ ನಿಂತಿದ್ದರು. ಪಕ್ಕದ ಸಮಾಧಿಗೆ ದ್ರಾಕ್ಷಾರಸ ಸುರಿಯಲು ಬಂದಿದ್ದ ಪರವೂರಿನ ಮುದುಕ ಗೋಧಿ ತೆಗೆದುಕೊಂಡು, ಕಲ್ಲನ್ನು ನೋಡಿ, ವಿದೊಸಾವಾಳ ಬಿಗಿದ ಮುಖವನ್ನು ನೋಡಿದ.

"ತಮ್ಮನೇನಮ್ಮಾ? ಮೂಗು ಒಂದೇ ಅಚ್ಚು!"

ವಿದೊಸಾವಾ ಹುಬ್ಬು ಗಂಟಿಕ್ಕಲು ನೋಡಿದಳು. ಡಾಕ್ಟರು ಬಿಗಿಸಿದ ಹುಬ್ಬು ಅಲುಗಲಿಲ್ಲ. ಅವಳು ಒಪ್ಪಿದಳೆಂದೇ ಮುದುಕ ತಲೆಯಾಡಿಸಿದ. ಲ್ಯುಬಿಂಕಾಗೆ ತಡೆಯಲಾಗಲಿಲ್ಲ.

"ಅಯ್ಯೋ ನಿನ್ನ ಕಣ್ಣಿಗೆ ಮಣ್ಣು ಹಾಕ! ಒಡಹುಟ್ಟಿದೋಳು ನಾನಯ್ಯ, ಅವನ ತಂಗಿ! ಇವಳು ಹೆಂಡ್ತಿ!"

ಮುದುಕ ಗಾಬರಿಯಾಗಿ ಲ್ಯುಬಿಂಕಾಳತ್ತ ತಿರುಗಿ ಟೋಪಿ ತೆಗೆದ. "ತಪ್ಪಾಯ್ತು ತಾಯಿ. ನೀವು ಅವನ ಅಮ್ಮ ಅಂದ್ಕೊಂಡಿದ್ದೆ."

ಅವನು ಹೋದ ಮೇಲೆ ಲ್ಯುಬಿಂಕಾ ಕಲ್ಲಿನ ಹತ್ತಿರ ಬಗ್ಗಿದಳು. ಅಣ್ಣನ ಮುಖವನ್ನು ನೋಡಿದಳು, ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅತ್ತಿಗೇ, ಆ ಡಾಕ್ಟರು ಇರೋದೆಲ್ಲಿ?"

"ಹೋಗ್ಬೇಡ ಕಣೇ," ಎಂದಳು ವಿದೊಸಾವಾ. "ಅಷ್ಟು ನೋವು ತಿಂದು ನಾನು ಅಕ್ಕ ಆದೆ, ಅಷ್ಟೇ."

"ತಂಗಿ ಆದ್ರೆ ಸಾಕಪ್ಪ ನಂಗೆ," ಎಂದಳು ಲ್ಯುಬಿಂಕಾ. ಅವಳು ನಗುತ್ತಿರಲಿಲ್ಲ.