ಜರಡಿ ಹಿಡಿದ ಪುಡಿ

ಗುಬ್ಬಿ ತೂಕದ ಯಂತ್ರ ಹತ್ತಿದಳು. ಮುಳ್ಳು ಹೋದ ವಾರಕ್ಕಿಂತ ಕೆಳಗೇ ನಿಂತಿತು. ಅಮ್ಮ ಡಾಕ್ಟರ ಮುಖ ನೋಡಿದಳು.

ಶಾಲೆಗೆ ಹೋಗುವ ಹುಡುಗಿಗೆ ಕ್ರೋನ್ಸ್ ಕಾಯಿಲೆ, ಕರುಳಿನಲ್ಲೆಲ್ಲ ಹುಣ್ಣು. ಅದು ಮಾಯುವವರೆಗೆ ಊಟ ತಿಂಡಿ ಬಂದ್, ಪೌಷ್ಟಿಕ ಪುಡಿ ಕದಡಿದ ಡಬ್ಬಿ ಹಾಲೊಂದೇ ಎಂದು ಡಾಕ್ಟರು ಹೇಳಿದ್ದರು. "ಕರುಳಿಗೆ ಸ್ವಲ್ಪ ರಜ ಕೊಡೋಣ" ಎಂದು ಆಗ ನಕ್ಕಿದ್ದವರು ಇವತ್ತು ನಗಲಿಲ್ಲ.

"ನೋವು ಕಮ್ಮಿಯಾಗಿದೆ, ಸರಿ. ಆದ್ರೆ ತೂಕ ಇಳೀತಿದೆ. ಹಾಲು ಸಾಲ್ತಿಲ್ಲ, ಇಲ್ಲ ಕದ್ದುಮುಚ್ಚಿ ಬೇರೇನೋ ತಿಂದು ಹೊಟ್ಟೆ ಕೆಡ್ತಿದೆ. ಹೀಗೇ ಆದ್ರೆ ಮೂಗಿನಿಂದ ನಳಿಕೆ ಹಾಕ್ಬೇಕಾಗುತ್ತೆ."

ಗುಬ್ಬಿ ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡಳು.

ಅಮ್ಮ ಬೇಕರಿಯಲ್ಲಿ ಕೆಲಸ ಮಾಡುವವಳು. ಊರಿಗೆಲ್ಲ ಬ್ರೆಡ್ಡು ಮಾಡಿ ಕೊಡುವವಳ ಮಗಳಿಗೆ ಒಂದು ಚೂರು ಬ್ರೆಡ್ಡಿನ ಯೋಗವಿಲ್ಲ. ಮನೆಗೆ ಹೊರಡುವ ಮುಂಚೆ ಬೆಣ್ಣೆಯ ವಾಸನೆ ಹೋಗುವಂತೆ ತೋಳುಜ್ಜಿ ತೊಳೆದುಕೊಳ್ಳುತ್ತಿದ್ದಳು. ದಿನದ ಹಾಲನ್ನೆಲ್ಲ ಬೆಳಿಗ್ಗೆ ತಾನೇ ಕದಡಿಡುವುದು. ಆ ಕೆಲಸವನ್ನು ಯಾರ ಕೈಗೂ ಕೊಟ್ಟವಳಲ್ಲ. ಮೊದಮೊದಲು ಗಂಟು ಸಿಕ್ಕಿ ಗುಬ್ಬಿಗೆ ಓಕರಿಕೆ ಬರುತ್ತಿತ್ತು. ಅಂದಿನಿಂದ ಪುಡಿಯನ್ನು ಮೊದಲು ಜರಡಿ ಹಿಡಿದು, ಆಮೇಲೆ ಡಬ್ಬಿಯೊಳಗೇ ಬಂದ ಚಮಚದಲ್ಲಿ ಮಟ್ಟಸವಾಗಿ ಸವರಿ ಅಳೆಯುತ್ತಿದ್ದಳು. ಹಾಲು ನುಣ್ಣಗಾಯಿತು, ಲೋಟಗಳು ಖಾಲಿಯಾಗತೊಡಗಿದವು.

ಹಾಗಾದರೆ ತಪ್ಪೆಲ್ಲಿ? ಸಂಶಯ ನೆಟ್ಟಗೆ ಅತ್ತೆಯ ಮೇಲೆ ಹೋಯಿತು. ಗಂಡ ಸದಾ ಲಾರಿಯ ಮೇಲೆ. ಮಗುವಿನ ಜೊತೆ ಮನೆಯಲ್ಲಿರುವವರು ಅತ್ತೆಯೊಬ್ಬರೇ. "ಬೆಳೆಯೋ ಕೂಸನ್ನ ಉಪವಾಸ ಕೆಡವೋದು ಯಾವ ಸೀಮೆ ವೈದ್ಯ?" ಎಂದು ಮೊದಲ ದಿನವೇ ಗೊಣಗಿದ್ದರು.

ಹಾವೂ ಸಾಯದಂತೆ ಕೋಲೂ ಮುರಿಯದಂತೆ ಕೇಳಬೇಕು ಎಂದುಕೊಂಡು ಬಂದವಳು ಚಪ್ಪಲಿ ಬಿಡುವ ಮೊದಲೇ ಸಿಡಿದಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ನಿಜ ಹೇಳಿ. ಇವಳಿಗೆ ಏನು ತಿನ್ನಿಸ್ತಿದ್ದೀರಿ?"

ಮಾತಿನ ಮಲ್ಲಿ ಅತ್ತೆ ತುಟಿ ಬಿಚ್ಚಲಿಲ್ಲ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಸೊಸೆ ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡಳು. ಸಿಟ್ಟು ಬಂದಾಗ ಮನುಷ್ಯರಿಗೆ ಎಲ್ಲವೂ ಸಾಕ್ಷಿಯೇ! ಮರುದಿನದಿಂದ ಹಾಲಷ್ಟೇ ಹೊರಗೆ, ಅಡುಗೆಮನೆಗೆ ಬೀಗ ಬಿತ್ತು. ಅತ್ತೆ ಪಕ್ಕದ ಮನೆಯಲ್ಲಿ ಉಂಡು ಬರತೊಡಗಿದರು. ಆದರೂ ಗುಬ್ಬಿಯ ಕೆನ್ನೆ ಇಳಿಯುತ್ತಲೇ ಇತ್ತು.

ಆ ವಾರವೇ ಬೇಕರಿಗೆ ಹೊಸದಾಗಿ ಸೇರಿದ್ದವಳ ಕೇಕು ನಡುವೆ ಕುಸಿಯಿತು. ಅಮ್ಮ ಅವಳ ಮೇಲೆ ಹರಿಹಾಯ್ದಳು. "ಜರಡಿ ಹಿಡಿದ ಹಿಟ್ಟನ್ನ ಬಟ್ಟಲಲ್ಲಿ ಅಳೀತಾರೇನೇ? ಗಾಳಿ ತುಂಬ್ಕೊಂಡು ಉಬ್ಬಿರುತ್ತೆ, ಬಟ್ಟಲು ತುಂಬಿದ್ರೂ ಹಿಟ್ಟು ಕಮ್ಮಿ ಇರುತ್ತೆ. ತೂಕ ಹಾಕ್..."

ಅವಳ ಕಣ್ಣು ಮೇಜಿನ ಮೇಲಿದ್ದ ಜರಡಿಯ ಮೇಲೆ ಬಿತ್ತು.

ಬೇಕರಿಯ ಪುಟ್ಟ ತಕ್ಕಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಏಪ್ರನ್ನಿನಲ್ಲೇ ಮನೆಗೆ ಓಡಿದಳು. ಜರಡಿ ಹಿಡಿದ ಪುಡಿಯ ಒಂದು ಚಮಚ ತೂಗಿದಳು, ಹಿಡಿಯದ್ದನ್ನು ತೂಗಿದಳು. ನಂಬಲಾಗದೆ ಮತ್ತೆ ತೂಗಿದಳು. ಇಷ್ಟು ದಿನ ಮಗಳಿಗೆ ಕುಡಿಸಿದ್ದರಲ್ಲಿ ಬೇಕಾದ ಪುಡಿಯ ಮುಕ್ಕಾಲು ಪಾಲೂ ಇರಲಿಲ್ಲ. ಡಾಕ್ಟರಿಗೆ ಫೋನು ಮಾಡಿ ತಪ್ಪು ಒಪ್ಪಿಕೊಂಡಳು. "ಸರಿಯಾಗಿ ಕೊಟ್ಟು ಒಂದು ವಾರ ನೋಡೋಣ. ಏರದಿದ್ರೆ ನಳಿಕೆಯೇ" ಎಂದರು ಅವರು.

ಬಾಗಿಲಲ್ಲಿ ಅತ್ತೆ, ಅವರ ಹಿಂದೆ ಗುಬ್ಬಿ ನಿಂತಿದ್ದರು. ಅಮ್ಮ ಮಗಳ ಮುಂದೆ ಕುಸಿದು ಕೂತಳು.

"ಹೊಟ್ಟೆ ಹಸೀತಿತ್ತೇನೇ ನನ್ನವ್ವ? ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಳಿಕೆ ಹಾಕಿಸ್ತಿದ್ರಲ್ಲ" ಎಂದಳು ಗುಬ್ಬಿ. "ಅಜ್ಜೀನ ಕೇಳ್ದೆ. ಒಂದೇ ಒಂದು ಚೂರು ಬ್ರೆಡ್ ಸಾಕು ಅಂದೆ. ಅಜ್ಜಿ ಅತ್ತುಬಿಟ್ಲು, ಕೊಡ್ಲಿಲ್ಲ."

ಅಮ್ಮನಿಗೆ ತಲೆಯೆತ್ತಿ ಅತ್ತೆಯ ಮುಖ ನೋಡುವ ಧೈರ್ಯ ಬರಲಿಲ್ಲ.

"ನಮ್ಮದು ಆಮೇಲಿರ್ಲಿ" ಎಂದರು ಅತ್ತೆ. "ಮೊದ್ಲು ಹಾಲು ಕದಡು. ಮಗು ಕಾಯ್ತಿದೆ."