ತುಂಗಿಗೂ ಒಂದು ಪಾಲು

ತುಂಗಿ ಕುದುರೆ, ದನವಲ್ಲ. ಈ ಮಾತನ್ನು ನಮ್ಮ ಅತ್ತೆಗೆ ಹೇಳಿ ಹೇಳಿ ನನಗೆ ಬಾಯಿನೋವು ಬಂದಿತ್ತು. ಅತ್ತೆ ಗುತ್ಯಮ್ಮ ಕೊಟ್ಟಿಗೆಯಲ್ಲೇ ಬೆಳೆದವರು. ನಾಲ್ಕು ಕಾಲಿದ್ದು ಹುಲ್ಲು ತಿನ್ನುವುದೆಲ್ಲ ಅವರ ಲೆಕ್ಕದಲ್ಲಿ ದನವೇ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡೋಣವೆಂದು ನನ್ನ ಗಂಡ ಕುಮಾರ ಈ ಬಿಳಿ ಹೆಣ್ಣುಕುದುರೆಯನ್ನು ಕೋಣಂದೂರಿಗೆ ತಂದಾಗ, ಅತ್ತೆ ಹಸು ಗೌರಿಯ ಎದುರಿಗೇ ಅದಕ್ಕೂ ಗೂಟ ಹೊಡೆಸಿದರು.

ಮೇವಿನ ಉಸಾಬರಿ ಮಾತ್ರ ನಾನು ಯಾರಿಗೂ ಬಿಟ್ಟಿರಲಿಲ್ಲ. ನೆನೆಸಿದ ಹುರುಳಿ, ಗೋಧಿ ಬೂಸ, ಒಣಹುಲ್ಲು, ನೆಕ್ಕಲು ಉಪ್ಪಿನ ಗಡ್ಡೆ, ಡಾಕ್ಟರು ಹೇಳಿದ ಖನಿಜದ ಪುಡಿ ಒಂದು ಚಮಚ. ಅಷ್ಟೇ.

"ಚಮಚದಲ್ಲಿ ಅಳ್ದು ಹಾಕಕ್ಕೆ ಅದೇನು ಬಾಣಂತಿಯೇನೆ? ಪಕ್ಕೆಲುಬು ಕಾಣ್ತದೆ ಪಾಪ," ಎಂದು ಅತ್ತೆ ಮೂತಿ ತಿರುವುತ್ತಿದ್ದರು.

"ಸಿಕ್ಕಿದ್ದೆಲ್ಲ ಹಾಕಿದ್ರೆ ಸಾಯ್ತದೆ ಅತ್ತೆ. ಕುದುರೆಗೆ ವಾಂತಿ ಮಾಡಕ್ಕೂ ಬರಲ್ಲ. ಒಳಗೆ ಹೋಗಿದ್ದು ಹೋಯ್ತು."

"ಬಿಡ್ತು ಅನ್ನು! ಕಟ್ಟಿದ ಪ್ರಾಣಿಗೆ ಅಂಥ ಮಾತಾಡ್ತಾರಾ?"

ಮದುವೆ ಕಾಲ ಶುರುವಾಗುತ್ತಿದ್ದ ಹಾಗೇ ಒಂದು ಬೆಳಿಗ್ಗೆ ತುಂಗಿ ಹುರುಳಿಯನ್ನು ಮೂಸಿಯೂ ನೋಡಲಿಲ್ಲ. ಹಲ್ಲು ಕಟಕಟಿಸುವಂಥ ಚಳಿ. ಆದರೂ ಅವಳ ಕುತ್ತಿಗೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಹಿಂಗಾಲುಗಳು ಸಣ್ಣಗೆ ನಡುಗುತ್ತಿದ್ದವು. ದಿನಾ ನನ್ನ ಹೆಗಲ ಮೇಲೆ ಗದ್ದ ಇಟ್ಟು ನಿಲ್ಲುತ್ತಿದ್ದವಳು ಇವಳು. ಇವಳಿಲ್ಲದ ಕೊಟ್ಟಿಗೆಯನ್ನು ನೆನೆಯುವುದಕ್ಕೂ ನನ್ನಿಂದ ಆಗಲಿಲ್ಲ.

ಪಶುವೈದ್ಯೆ ಶರಾವತಿ ಮೇಡಂ ಬಂದು ಅವಳ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಅವರ ಮುಖ ನೋಡಿ ನನಗೆ ಇನ್ನಷ್ಟು ಭಯವಾಯಿತು.

"ಹೊಸದೇನಾದ್ರೂ ತಿನ್ಸಿದ್ರಾ?"

"ಏನೂ ಇಲ್ಲ ಮೇಡಂ. ಮೇವು ಹಾಕೋಳು ನಾನೇ."

ಇಂಜೆಕ್ಷನ್ ಕೊಟ್ಟು, ರಕ್ತ ತೆಗೆದುಕೊಂಡು, ವರದಿ ಬರುವ ತನಕ ಆಯಾಸ ಬೇಡವೆಂದು ಹೇಳಿ ಹೋದರು. ಅತ್ತೆ ಬಾಗಿಲ ಬಳಿ ನಿಂತು ದೃಷ್ಟಿ ತೆಗೆಯಲು ಮೆಣಸಿನಕಾಯಿ ಹಿಡಿದುಕೊಂಡಿದ್ದರು.

ವರದಿ ಬರುವ ಮೊದಲೇ ನಾವು ಒಪ್ಪಿಕೊಂಡಿದ್ದ ಮದುವೆಯ ದಿನ ಬಂತು; ತುಂಗಿ ಎದ್ದು ನಿಂತು ಬಾಲ ಬೀಸಿದಳು. ನನ್ನ ಕೈಯಿಂದ ಬೆಲ್ಲ ತಿಂದಳು. ನನ್ನ ಗಂಡನಿಗೆ ಅಷ್ಟೇ ಸಾಕಾಯಿತು.

"ಬೇಡ ರೀ. ಮೇಡಂ ಏನು ಹೇಳಿದ್ರು?"

"ಓಡಿಸ್ತೀವಾ ಮಾರಾಯ್ತಿ? ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿಂದ ಛತ್ರಕ್ಕೆ ನಡಿಸ್ಕೊಂಡು ಹೋಗದು. ಮಾತು ಕೊಟ್ಟಾಗಿದೆ, ಈಗ ಇಲ್ಲ ಅಂದ್ರೆ ಮುಖ ಎಲ್ಲಿಡ್ಲಿ?"

ಮದುಮಗ ದೀಪಕ್ ಹಿಂದಿನ ವಾರ ನಮ್ಮ ಅಂಗಳಕ್ಕೇ ಬಂದು ಹತ್ತಿ ಇಳಿಯುವುದನ್ನು ಕಲಿತಿದ್ದ. ಹೆದರಿ ಜೀನನ್ನು ತಬ್ಬಿಕೊಂಡು, "ಅಕ್ಕಾ, ಬೀಳಿಸಲ್ಲ ತಾನೇ?" ಎಂದು ಕೇಳಿದ್ದ. "ತುಂಗಿ ಬಂಗಾರ ಕಣೋ, ಬೀಳಿಸಲ್ಲ," ಎಂದು ನಾನೇ ಧೈರ್ಯ ಹೇಳಿದ್ದೆ.

ತುಂಗಿಯನ್ನು ಹತ್ತಿಸಿಕೊಂಡು ಪಿಕಪ್ ಗಾಡಿ ಹೊರಟ ಮೇಲೆ ಸಿಟ್ಟಿನಲ್ಲಿ ಕೊಟ್ಟಿಗೆ ತೊಳೆಯಲು ಹೋದೆ. ತುಂಗಿಯ ಬಕೆಟ್ ಬಗ್ಗಿಸಿದರೆ ತಳದಲ್ಲಿ ಹಳದಿ ಪುಡಿ ಅಂಟಿತ್ತು. ಮೂಸಿದೆ. ಹಾಲು ಹೆಚ್ಚಲೆಂದು ಹೊಸದಾಗಿ ಗೌರಿಗೆ ತಂದಿದ್ದ ಪುಡಿಯ ವಾಸನೆ.

"ಅತ್ತೇ! ಇದು ಇದರೊಳಗೆ ಹೆಂಗೆ ಬಂತು?"

"ಕೂಗ್ತೀಯಲ್ಲ, ನಾನೇ ಹಾಕಿದ್ದು," ಅಂದರು ಅತ್ತೆ, ಸ್ವಲ್ಪವೂ ಅಳುಕದೆ. "ಎದುರಿಗೆ ಕಟ್ಕೊಂಡು ಗೌರಿಗೊಂದೇ ತಿನ್ಸೋದಾ? ಇವಳ ಆಸೆಗಣ್ಣು ಬಿದ್ರೆ ಗೌರಿ ಕೆಚ್ಚಲು ಬತ್ತೋಗ್ತದೆ. ಅದಕ್ಕೇ ದಿನಾ ಇವಳಿಗೂ ಒಂದು ಹಿಡಿ."

ಅವರು ಹೇಳಿದ್ದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿಯೇ. ಒಂದು ದನ ನೋಡುತ್ತಿರುವಾಗ ಇನ್ನೊಂದಕ್ಕೆ ಮಾತ್ರ ಹಾಕುವವರಿಲ್ಲ. ನಾನೂ ಹಾಕುತ್ತಿರಲಿಲ್ಲ.

ಪುಡಿಯ ಚೀಲದ ಮೇಲಿದ್ದ ಹೆಸರು ನೋಡಿಕೊಂಡು ಅಂಗಳಕ್ಕೆ ಓಡಿ, ಫೋನಿನಲ್ಲಿ ಮೇಡಂಗೆ ಹೇಳಿದೆ.

"ಅದರಲ್ಲಿರೋ ಔಷಧಿ ಹಸುಗೇನೂ ಮಾಡಲ್ಲ ಶ್ಯಾಮಲಾ. ಕುದುರೆಗೆ ವಿಷ. ಹೃದಯದ ಮಾಂಸನೇ ಸಾಯ್ತದೆ. ಮೇಲೆ ಹುಷಾರಾದ ಹಾಗೆ ಕಾಣ್ತದೆ, ನಿಂತಲ್ಲೇ ಬೀಳ್ತದೆ. ಯಾರನ್ನೂ ಹತ್ತಿಸಬೇಡಿ. ಎಲ್ಲಿದಾಳೆ ಈಗ?"

ನಾನು ಫೋನು ಕಟ್ ಮಾಡಿ ಇವರಿಗೆ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ದೇವರೇ, ಎತ್ತಲಿ, ಒಂದು ಸಲ ಎತ್ತಲಿ ಎಂದು ಬೇಡಿಕೊಂಡೆ. ಕೊನೆಗೆ ಎತ್ತಿದರು. ಬ್ಯಾಂಡಿನ ಸದ್ದು ಕಿವಿಗೆ ಅಪ್ಪಳಿಸಿತು.

"ರೀ, ದೀಪಕ್‌ನ ಕೆಳಗಿಳಿಸ್ರಿ!"

"ಎಂತದು? ಕೇಳ್ತಿಲ್ಲ ಕಣೇ!"

"ಇಳಿಸ್ರೀ ಅವನ್ನ! ತುಂಗಿ ಬೀಳ್ತಾಳೆ!"

"ತುಂಗಿನಾ?" ಇವರು ನಗುತ್ತಾ ಕೂಗಿದರು. "ನೀ ನೋಡ್ಬೇಕಿತ್ತು! ಹಿಂಗಾಲು ಹೆಂಗೆ ಕುಣಿಸ್ತಿದಾಳೆ ಗೊತ್ತಾ? ಜನ ಎಲ್ಲ ವಿಡಿಯೋ ಮಾಡ್ತಿದಾರೆ!"

ತುಂಗಿಗೆ ಕುಣಿಯುವುದನ್ನು ಯಾರೂ ಕಲಿಸಿರಲಿಲ್ಲ.

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಬ್ಯಾಂಡು ನಿಂತುಹೋಯಿತು. ಯಾರೋ ಹೆಂಗಸು ದೀಪಕನ ಹೆಸರು ಹಿಡಿದು ಕೂಗುವುದು ಸ್ಪಷ್ಟವಾಗಿ ಕೇಳಿಸಿತು.

ಕೊಟ್ಟಿಗೆಯಿಂದ ಅತ್ತೆ ಬಂದು ನನ್ನ ತೋಳು ಮುಟ್ಟಿದರು. ಅವರ ಕೈಯಲ್ಲಿ ಬಕೆಟ್ ಇತ್ತು.

"ತುಂಗಿ ಎಷ್ಟೊತ್ತಿಗೆ ಬರ್ತಾಳಂತೆ? ಗೌರಿಗೆ ಹಾಕ್ತಿದೀನಿ. ಇವಳ ಪಾಲು ತೆಗ್ದಿಟ್ಟಿದೀನಿ."